ಗಾಯಗೊಂಡ ದೇವರು: ಯೇಸುವಿನ ದೇಹಧಾರಣೆ ಮತ್ತು ನಂಬಿಕೆಯ ಆಧಾರ



ದೇವರು ಮನುಷ್ಯನಾಗಿ ಹುಟ್ಟಿದ ಎಂಬ ಮಾತು ನಮ್ಮ ಧಾರವಾಡ ಸೀಮೆಯಲ್ಲಿ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ಯುರೋಪಿನ ವಿಶ್ವವಿದ್ಯಾಲಯದಲ್ಲಿ ಈ ಮಾತು ಎತ್ತಿದವನು ಮೊದಲು ದೇವರು ಇದ್ದಾನೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕೇಳುಗರು ಅಲ್ಲಿಂದ ಶುರು ಮಾಡುವುದಿಲ್ಲ. 'ಬಂದಿರಬಹುದು, ಬೇಕಾದಷ್ಟು ಸಲ ಬಂದಿದ್ದಾನೆ. ನಿಮ್ಮ ಯೇಸುವಿನದೇನು ಹೆಚ್ಚಿನದು?' ಎಂದು ಕೇಳುತ್ತಾರೆ. ಇದು ಯುರೋಪಿನ ಪ್ರಶ್ನೆಗಿಂತ ಬಿರುಸಾದ ಪ್ರಶ್ನೆ ಎಂದು ನನ್ನ ತಿಳಿವಳಿಕೆ. ಈ ಉಪನ್ಯಾಸ ಅದಕ್ಕೆ ಉತ್ತರ ಹುಡುಕುವ ಪ್ರಯತ್ನ.

ನಾನು ಈ ಸಿದ್ಧಾಂತವನ್ನು ನಂಬುವವನು. ಆದ್ದರಿಂದ ಇದು ನಂಬಿದವನ ವಾದ ಎಂದು ತಿಳಿದುಕೊಂಡೇ ತಾವು ಕೇಳಬೇಕು. ಗಣಿತದ ಪ್ರಮೇಯದಂತೆ ಇದನ್ನು ಸಿದ್ಧ ಮಾಡಿ ತೋರಿಸಬಲ್ಲೆ ಎಂದು ನಾನು ಹೇಳುವುದಿಲ್ಲ. ನಂಬುವುದಕ್ಕೆ ಸಕಾರಣಗಳಿವೆ, ಆ ಕಾರಣಗಳನ್ನು ನಂಬದವರೂ ಪರೀಕ್ಷಿಸಬಹುದು ಎಂಬಷ್ಟೇ ನನ್ನ ಪ್ರತಿಪಾದನೆ.

1. ಸಿದ್ಧಾಂತ ಹೇಳುವುದೇನು?

ಕ್ರಿ.ಶ. 325ರಲ್ಲಿ ಇಂದಿನ ತುರ್ಕಿಯಲ್ಲಿರುವ ನೈಸಿಯ ಎಂಬ ಊರಿನಲ್ಲಿ ಕ್ರೈಸ್ತ ಬಿಷಪ್ಪರ ಮಹಾಸಭೆ ಸೇರಿತು. ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ಎತ್ತಿದ ವಾದ ಅವರ ಮುಂದಿತ್ತು. ಯೇಸು ದೇವರ ಸೃಷ್ಟಿಗಳಲ್ಲೆಲ್ಲ ಶ್ರೇಷ್ಠ, ಆದರೂ ಸೃಷ್ಟಿಯೇ ಎಂಬುದು ಏರಿಯಸ್‌ನ ನಿಲುವು. ಸಭೆ ಅದನ್ನು ತಳ್ಳಿಹಾಕಿ, ತಂದೆಯ ಸತ್ವವೇ ಮಗನ ಸತ್ವ ಎಂದು ಘೋಷಿಸಿತು. ಮುಂದೆ 451ರಲ್ಲಿ ಕಾಲ್ಸೆಡನ್ ಎಂಬಲ್ಲಿ ಸೇರಿದ ಇನ್ನೊಂದು ಮಹಾಸಭೆ ಉಳಿದ ಅರ್ಧವನ್ನು ಹೇಳಿತು: ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ, ಆದರೆ ಒಬ್ಬನೇ ವ್ಯಕ್ತಿ. ಈ ಎರಡು ಸ್ವಭಾವಗಳು ಒಂದರೊಳಗೊಂದು ಕಲಸಿಹೋಗಿಲ್ಲ, ಒಂದು ಇನ್ನೊಂದಾಗಿ ಮಾರ್ಪಟ್ಟಿಲ್ಲ. ಅವು ಹೋಳಾಗಿಲ್ಲ, ಅಗಲಿಯೂ ಇಲ್ಲ.

ಈ ನಾಲ್ಕು ನಿಷೇಧಗಳು ಹೊಲದ ಬದುವಿನಂತೆ ಎಲ್ಲೆಯನ್ನು ತೋರಿಸುತ್ತವೆ; ಒಳಗಿನ ಬೆಳೆ ಏನೆಂದು ವಿವರಿಸುವುದಿಲ್ಲ. ದೇವರು ತನ್ನ ದೈವತ್ವವನ್ನು ಕಳೆದುಕೊಂಡು ಮನುಷ್ಯನಾದ ಎಂದರೆ ಎಲ್ಲೆ ದಾಟಿದಂತೆ. ಅರ್ಧ ದೇವರು ಅರ್ಧ ಮನುಷ್ಯ ಎಂದರೂ ಹಾಗೆಯೇ. ಮನುಷ್ಯನ ವೇಷ ಹಾಕಿಕೊಂಡು ಬಂದ ಎಂದರೂ ಹಾಗೆಯೇ.

ಮೂರನೆಯದನ್ನು ವಿಶೇಷವಾಗಿ ಗಮನಿಸಬೇಕು. ಮೊದಲ ಶತಮಾನಗಳ ಕ್ರೈಸ್ತರು ಯೇಸುವಿನ ದೈವತ್ವವನ್ನು ಸ್ಥಾಪಿಸಲು ಮಾತ್ರ ಹೆಣಗಿದರು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಎರಡನೆಯ ಶತಮಾನದ ಆರಂಭದಲ್ಲಿಯೇ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್, ರೋಮಿಗೆ ಸೆರೆಯಾಳಾಗಿ ಹೋಗುವ ದಾರಿಯಲ್ಲಿ ಬರೆದ ಪತ್ರಗಳಲ್ಲಿ, ಯೇಸು ನೋವುಂಡಂತೆ ತೋರಿದನಷ್ಟೇ, ನಿಜವಾಗಿ ನೋವುಣ್ಣಲಿಲ್ಲ ಎನ್ನುವವರ ಮೇಲೆ ಹರಿಹಾಯುತ್ತಾನೆ. ಯೇಸುವಿನ ಮೈ ನಿಜವಾದ ಮೈ ಎಂದು ಸಾಧಿಸುವುದಕ್ಕೂ ಆ ಕ್ರೈಸ್ತರು ಅಷ್ಟೇ ಹೆಣಗಬೇಕಾಯಿತು.

2. ನಮ್ಮ ಸೀಮೆಯ ದಾರಿಗಳು

ಈ ಸಿದ್ಧಾಂತ ಇಲ್ಲಿಗೆ ಬಂದಾಗ ಇಲ್ಲಿಯ ನೆಲ ಬರಿದಾಗಿರಲಿಲ್ಲ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿತು. ಅದರ ಬೋಧಕರು ಹಳ್ಳಿಯ ಸಂತೆ, ಜಾತ್ರೆಗಳಿಗೆ ಹೋದಲ್ಲೆಲ್ಲ ದೇವರ ಬರವಿನ ಬಗ್ಗೆ ಶತಮಾನಗಳಿಂದ ಚಿಂತಿಸಿದ ಜನವೇ ಎದುರಾದರು. ಆ ಚಿಂತನೆಯಲ್ಲಿ ಮೂರು ನಾಲ್ಕು ದಾರಿಗಳಿದ್ದವು. ಅವೆಲ್ಲವನ್ನೂ ಒಂದೇ ಎಂದು ಗುಡ್ಡೆಹಾಕಿದರೆ ಎಲ್ಲಕ್ಕೂ ಅನ್ಯಾಯವಾಗುತ್ತದೆ.

ಮೊದಲನೆಯದು ವೈಷ್ಣವರ ದಾರಿ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತ ಬರೆದ ಕುಮಾರವ್ಯಾಸನಿಗೆ ಅದು ಕೃಷ್ಣಕಥೆಯೇ. ಈ ದಾರಿ ಪಂಡಿತರ ಓಲೆಗರಿಗಳಲ್ಲಿ ಮಾತ್ರ ಉಳಿಯಲಿಲ್ಲ. ಕಲಘಟಗಿಯ ತೊಟ್ಟಿಲನ್ನು ನೋಡಿ: ಸಾಗವಾನಿ ಕಟ್ಟಿಗೆಯ ಹಲಗೆಗಳ ಮೇಲೆ ಅರಗಿನ ಹೊಳಪಿನ ಕೆಂಪು, ಹಳದಿ, ಹಸಿರು; ಅವುಗಳಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣದ ಸನ್ನಿವೇಶಗಳು. ತವರಿನವರು ಮಗಳ ಕೂಸಿಗೆ ಕೊಡುವ ಆ ತೊಟ್ಟಿಲಲ್ಲಿ ಮಲಗಿದ ಮಗು, ಒಮ್ಮೆ ದೇವರೂ ತನ್ನಂತೆಯೇ ತೊಟ್ಟಿಲಲ್ಲಿ ಮಲಗಿದ್ದ ಎಂಬ ಸಂಗತಿಯ ನಡುವೆ ಕಣ್ಣು ಬಿಡುತ್ತದೆ. ದೇವರು ಕೂಸಾಗಿ ಬರಬಲ್ಲ ಎಂಬ ಭಾವಕ್ಕೆ ಇಷ್ಟು ಸಹಜವಾದ ನೆಲೆ ಸಿಕ್ಕ ಊರುಗಳು ಜಗತ್ತಿನಲ್ಲಿ ಬಹಳ ಇರಲಾರವು.

ಎರಡನೆಯದು ಜೈನರ ದಾರಿ. ಅದರ ದಿಕ್ಕು ಇದಕ್ಕೆ ತೀರ ವಿರುದ್ಧ. ಅಣ್ಣಿಗೇರಿಯ ನಂಟಿನ ಪಂಪ 941ರಲ್ಲಿ ಮುಗಿಸಿದ 'ಆದಿಪುರಾಣ'ದಲ್ಲಿ ಮೇಲಿನಿಂದ ಯಾರೂ ಇಳಿದು ಬರುವುದಿಲ್ಲ. ಒಂದು ಜೀವ ಜನ್ಮಜನ್ಮಾಂತರಗಳಲ್ಲಿ ಭೋಗವನ್ನು ಉಂಡು, ಬಿಟ್ಟು, ತಪಸ್ಸಿನಿಂದ ಕರ್ಮವನ್ನು ಸವೆಸಿ, ಕಡೆಗೆ ಆದಿನಾಥನಾಗಿ ಏರುತ್ತದೆ. ಇಲ್ಲಿರುವುದೆಲ್ಲ ಏರುದಾರಿ, ಅದೂ ಅವರವರ ಕಾಲಿನಿಂದಲೇ. ಬೇರೆಯವನ ಬಿಡುಗಡೆಯನ್ನು ಇನ್ನೊಬ್ಬ ಮಾಡಿಕೊಡಲಾರ.

ಮೂರನೆಯದು ಶರಣರ ದಾರಿ. ಶಿವ ಗರ್ಭದಲ್ಲಿ ಹುಟ್ಟಿಬರುವವನಲ್ಲ ಎಂಬ ಬಿಗಿ ಅಲ್ಲಿದೆ. ಮನುಷ್ಯನ ಮೈಯನ್ನೇ ದೇವರ ನೆಲೆಯಾಗಿ ಕಾಣುವ ಧೈರ್ಯವೂ ಇದೆ. ಆದರೆ ಪುರಾಣಕಾರರು ಬಂದಾಗ ಇಳಿದು ಬರುವ ಕಥೆ ಅಲ್ಲಿಗೂ ಬಂತು. ಭೀಮಕವಿಯ 1369ರ 'ಬಸವಪುರಾಣ'ದಲ್ಲಿ ಬಸವಣ್ಣ ನಂದಿಯ ಅವತಾರ. ಹದಿನೈದನೆಯ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಅಲ್ಲಮಪ್ರಭು ಮಾಯೆಯ ಕೈಗೆ ಸಿಗದ ಪರವಸ್ತು. ಅವನಿಗಿಂತ ಹಿಂದಿನ ಕವಿ ಹರಿಹರನ ಅಲ್ಲಮ ಕಮಲತೆಯನ್ನು ಪ್ರೀತಿಸಿ, ಕಳೆದುಕೊಂಡು, ಮರುಳಾಗಿ ಅಲೆದವನು. ಚಾಮರಸ ಆ ಕಥೆಯನ್ನು ಒಪ್ಪಲಿಲ್ಲ.

ಇವುಗಳ ಜೊತೆಗೆ ಇಸ್ಲಾಮಿನ ಖಡಾಖಂಡಿತ ನಿರಾಕರಣೆಯೂ ಇಲ್ಲಿಯ ಗಾಳಿಯಲ್ಲಿದೆ: ದೇವರು ಹುಟ್ಟುವವನೂ ಅಲ್ಲ, ಹೆರುವವನೂ ಅಲ್ಲ. ಆದರೆ ಅದೇ ಸಮಾಜದಲ್ಲಿ ಹುಟ್ಟಿದ ಶಿಶುನಾಳ ಶರೀಫರು, ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು, ಗುರುವಿನಲ್ಲಿಯೇ ದೇವರನ್ನು ಕಂಡರು. ಶರೀಫರ ಒಡನಾಡಿಯೆಂದು ಜನ ನೆನೆಯುವ ನಾಗಲಿಂಗಸ್ವಾಮಿಗಳ ನವಲಗುಂದದ ಮಠದಲ್ಲಿ ಬೈಬಲ್ಲಿನ ಹಳೆಯ ಪ್ರತಿಯೊಂದನ್ನು ಗೌರವದಿಂದ ಕಾಯ್ದಿಟ್ಟಿದ್ದಾರೆ. ಸ್ವಾಮಿಗಳು ಅದರಲ್ಲಿ ತೂತು ಮಾಡಿದರು, ಅದು ಕಾಲಕಾಲಕ್ಕೆ ಮುಚ್ಚುತ್ತ ಬರುತ್ತಿದೆ ಎಂಬ ಪ್ರತೀತಿಯೂ ಇದೆ. ಪ್ರತೀತಿಯ ನಿಜಾನಿಜ ಹೇಗೇ ಇರಲಿ, ಪರಮತದ ಗ್ರಂಥವನ್ನು ಗದ್ದುಗೆಯ ಹತ್ತಿರ ಇಟ್ಟುಕೊಳ್ಳುವ ಮನಸ್ಸು ಈ ಸೀಮೆಯದು.

ಬರುವವನೊಬ್ಬನಿಗಾಗಿ ಕಾಯುವ ಮನಸ್ಸೂ ಇಲ್ಲಿತ್ತು. ಮುಂದಾಗುವುದನ್ನು ಹೇಳುವ ಕಾಲಜ್ಞಾನದ ವಚನಗಳಲ್ಲಿ ವೀರವಸಂತರಾಯ ಕಲ್ಯಾಣಕ್ಕೆ ಮರಳಿ ಬರುತ್ತಾನೆ. 1840ರ ಸುಮಾರಿಗೆ ಕಾಲಜ್ಞಾನದ ಪಂಗಡದ ಕೆಲವರು ಬಾಸೆಲ್ ಬೋಧಕರ ಬಳಿ ಬಂದು, ನಮ್ಮ ಗ್ರಂಥಗಳು ಹೇಳುವವರು ನೀವೇ ಇರಬಹುದೆ ಎಂದು ವಿಚಾರಿಸಿದರು. ಬೋಧಕರು ದೊಡ್ಡ ಕನಸು ಕಂಡರು, ಅದು ಕೈಗೂಡಲಿಲ್ಲ. ಕಾಯುತ್ತಿದ್ದವರ ಕಣ್ಣಲ್ಲಿದ್ದವನು ಧರ್ಮವನ್ನು ಮತ್ತೆ ನಿಲ್ಲಿಸುವ ರಾಜ. ಬೋಧಕರ ಚೀಲದಲ್ಲಿದ್ದದ್ದು ಶಿಲುಬೆಗೆ ಹೋದವನ ಕಥೆ.

3. ಕತ್ತಿ ಮತ್ತು ಈಟಿ

ವ್ಯತ್ಯಾಸ ಎಲ್ಲಿದೆ ಎಂಬುದನ್ನು ಚಾಮರಸನ ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ನೋಡೋಣ. ಸಿದ್ಧ ಗೋರಕ್ಷ ತನ್ನದು ವಜ್ರದೇಹ ಎಂದು ಹೆಮ್ಮೆಪಡುತ್ತಾನೆ. ಕತ್ತಿಯಿಂದ ಹೊಡೆದರೆ ಅವನ ಮೈ ಖಣಿಲ್ ಎನ್ನುತ್ತದೆ. ಆಮೇಲೆ ಅಲ್ಲಮ ತನ್ನ ಮೈಗೆ ಹೊಡೆಯಲು ಹೇಳುತ್ತಾನೆ. ಕತ್ತಿ ಈ ಕಡೆಯಿಂದ ಆ ಕಡೆಗೆ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ತಾಗಿದ ಸದ್ದೂ ಇಲ್ಲ, ಗುರುತೂ ಇಲ್ಲ. ಗೋರಕ್ಷನ ಗರ್ವ ಅಲ್ಲಿಗೆ ಇಳಿಯುತ್ತದೆ. ಕನ್ನಡ ಕಾವ್ಯದ ಎತ್ತರದ ಕ್ಷಣಗಳಲ್ಲಿ ಇದೂ ಒಂದು. ಮೈಯನ್ನು ಗಟ್ಟಿ ಮಾಡಿಕೊಳ್ಳುವುದು ಸಾಧನೆಯಲ್ಲ, ಮೈಯೇ ಬಯಲಾಗಬೇಕು ಎಂಬುದು ಅದರ ತಾತ್ಪರ್ಯ.

ಇದರ ಪಕ್ಕಕ್ಕೆ ಯೋಹಾನನ ಸುವಾರ್ತೆಯ ಪ್ರಸಂಗವನ್ನಿಡಿ. ಶಿಲುಬೆಯ ಮೇಲೆ ಯೇಸು ಆಗಲೇ ಸತ್ತಿದ್ದನ್ನು ಕಂಡ ಸಿಪಾಯಿಗಳಲ್ಲೊಬ್ಬ ಅವನ ಪಕ್ಕೆಗೆ ಈಟಿ ಹಾಕುತ್ತಾನೆ. ರಕ್ತವೂ ನೀರೂ ಹೊರಬರುತ್ತವೆ. ಬರೆದವನು ಅಲ್ಲಿ ನಿಂತು, ಇದನ್ನು ಕಣ್ಣಾರೆ ಕಂಡವನ ಸಾಕ್ಷಿಯಿದೆ ಎಂದು ಒತ್ತಿ ಹೇಳುತ್ತಾನೆ. ಸತ್ತು ಎದ್ದುಬಂದ ಯೇಸುವನ್ನು ಶಿಷ್ಯ ತೋಮ ಗುರುತಿಸುವುದೂ ಆ ಗಾಯಗಳಿಂದಲೇ. ಪುನರುತ್ಥಾನವಾದ ಮೈಯಲ್ಲಿಯೂ ಗಾಯ ಅಳಿಸಿಹೋಗಿಲ್ಲ.

ಅಲ್ಲಮನ ಮೈಗೆ ಕತ್ತಿ ತಾಗಿದ್ದರೆ ಆ ಕಥೆ ಬಿದ್ದುಹೋಗುತ್ತಿತ್ತು. ಯೇಸುವಿನ ಮೈಗೆ ಈಟಿ ತಾಗದಿದ್ದರೆ ಈ ಕಥೆ ಬಿದ್ದುಹೋಗುತ್ತದೆ. ಎರಡು ಕಥೆಗಳು ದೈವದ ಹಿರಿಮೆಯನ್ನು ಅಳೆಯುವ ಕೋಲುಗಳೇ ಬೇರೆ. ಒಂದರಲ್ಲಿ ನೋವು ಮುಟ್ಟಲಾಗದ್ದು ಹಿರಿದು. ಇನ್ನೊಂದರಲ್ಲಿ ನೋವನ್ನು ಒಳಗೆ ತೆಗೆದುಕೊಂಡದ್ದು ಹಿರಿದು.

ಕೃಷ್ಣನೂ ಬೇಡ ಜರನ ಬಾಣಕ್ಕೆ ಸಿಕ್ಕಲಿಲ್ಲವೆ, ರಾಮನೂ ಸೀತೆಗಾಗಿ ಅಳಲಿಲ್ಲವೆ ಎಂದು ತಾವು ಕೇಳಬಹುದು. ಕೇಳಬೇಕಾದ ಮಾತೇ. ಆದರೆ ಅವತಾರದ ಉದ್ದೇಶ ದುಷ್ಟರ ನಾಶ, ಧರ್ಮದ ಸ್ಥಾಪನೆ. ಬೇಡನ ಬಾಣ ಲೀಲೆಗೆ ಎಳೆದ ತೆರೆ. ಸುವಾರ್ತೆಗಳಲ್ಲಿ ಸಾವು ಕೆಲಸ ಮುಗಿದ ಮೇಲಿನ ನಿರ್ಗಮನವಲ್ಲ, ಅದೇ ಕೆಲಸ. ನಾಲ್ಕೂ ಸುವಾರ್ತೆಗಳು ಕಡೆಯ ಕೆಲವೇ ದಿನಗಳಿಗೆ ತಮ್ಮ ದೊಡ್ಡ ಪಾಲನ್ನು ಕೊಡುತ್ತವೆ. ಬಾಸೆಲ್ ಮಿಷನ್ನಿನ ಬೋಧಕ ಕಿಟೆಲ್ ತಮ್ಮ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಪದ್ಯಕ್ಕೆ ತಂದರು. ಮುಂದೆ ಮಂಜೇಶ್ವರದ ಗೋವಿಂದ ಪೈಗಳು, ಕ್ರೈಸ್ತರಲ್ಲದಿದ್ದರೂ, 'ಗೊಲ್ಗೊಥಾ' ಬರೆಯಲು ಆರಿಸಿಕೊಂಡದ್ದು ಆ ಜೀವನದ ಕಡೆಯ ದಿನವನ್ನೇ. ತೂಕ ಎಲ್ಲಿದೆ ಎಂಬುದು ಕವಿಗೆ ಗೊತ್ತಾಗಿತ್ತು.

ಗಾಯ ನಿಜವಾದದ್ದಾದರೆ ಅದಕ್ಕೊಂದು ಕಾಲ, ಒಂದು ಸ್ಥಳ ಇರಲೇಬೇಕು. ಆದ್ದರಿಂದಲೇ ಕ್ರೈಸ್ತರ ವಿಶ್ವಾಸಪ್ರಮಾಣದಲ್ಲಿ ಒಬ್ಬ ರೋಮನ್ ಅಧಿಕಾರಿಯ ಹೆಸರು ಸೇರಿಕೊಂಡಿದೆ: ಪೊಂತ್ಯ ಪಿಲಾತ, ಕ್ರಿ.ಶ. 26ರಿಂದ 36ರವರೆಗೆ ಯೂದಾಯವನ್ನು ಆಳಿದವನು. ಹೀಗೆ ಸಿದ್ಧಾಂತ ಚರಿತ್ರೆಯ ಕಟಕಟೆಗೆ ತಾನಾಗಿಯೇ ಬಂದು ನಿಲ್ಲುತ್ತದೆ. ಸುಳ್ಳಾದರೆ ಸುಳ್ಳೆಂದು ಹೇಳಿಸಿಕೊಳ್ಳುವ ಅಪಾಯವನ್ನು ಅದು ಒಪ್ಪಿಕೊಂಡಿದೆ.

4. ಚರಿತ್ರೆಯ ಸಾಕ್ಷ್ಯ

ಯೇಸು ಎಂಬವನಿದ್ದ, ಪಿಲಾತನ ಕಾಲದಲ್ಲಿ ಕೊಲ್ಲಲ್ಪಟ್ಟ ಎಂಬುದರಲ್ಲಿ ವಿದ್ವಾಂಸರಿಗೆ ಹೆಚ್ಚಿನ ತಕರಾರಿಲ್ಲ. ಕ್ರೈಸ್ತರನ್ನು ಹಳಿಯುತ್ತಲೇ ಬರೆದ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಇದನ್ನು ಹೇಳುತ್ತಾನೆ. 112ರ ಸುಮಾರಿಗೆ ಪ್ಲಿನಿ ಎಂಬ ಪ್ರಾಂತಾಧಿಕಾರಿ ಚಕ್ರವರ್ತಿ ಟ್ರೇಜನ್‌ಗೆ ಬರೆದ ಪತ್ರದಲ್ಲಿ, ಈ ಜನ ನಸುಕಿನಲ್ಲಿ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡುತ್ತಾರೆ ಎಂದು ವರದಿ ಮಾಡುತ್ತಾನೆ. ವಿವಾದ ಇರುವುದು ಈ ಆರಾಧನೆ ಹೇಗೆ ಶುರುವಾಯಿತು ಎಂಬಲ್ಲಿ.

ಒಂದು ವಿವರಣೆ ಹೀಗಿದೆ: ಯೇಸು ಒಳ್ಳೆಯ ಬೋಧಕ, ಕಾಲ ಕಳೆದಂತೆ ಭಕ್ತಿ ಬೆಳೆದು, ಬೋಧಕ ದೇವರಾದ. ನಮ್ಮಲ್ಲಿ ಸಂತರಿಗೆ, ಶರಣರಿಗೆ ಹೀಗಾದದ್ದನ್ನು ನೋಡಿದ್ದೇವೆ. ಹನ್ನೆರಡನೆಯ ಶತಮಾನದ ಬಸವಣ್ಣನವರು ಭೀಮಕವಿಯ ಪುರಾಣದಲ್ಲಿ ನಂದಿಯಾಗಲು ಸುಮಾರು ಇನ್ನೂರು ವರ್ಷ ಸಿಕ್ಕಿತ್ತು. ಆದ್ದರಿಂದ ಈ ವಿವರಣೆ ನಮಗೆ ಸಲೀಸಾಗಿ ಒಪ್ಪಿಗೆಯಾಗುತ್ತದೆ. ಯೇಸುವಿನ ವಿಷಯದಲ್ಲಿ ಎರಡು ಸಂಗತಿಗಳು ಇದಕ್ಕೆ ಅಡ್ಡ ಬರುತ್ತವೆ.

ಮೊದಲನೆಯದು ಕಾಲ. ಅಪೊಸ್ತಲ ಪೌಲ ಫಿಲಿಪ್ಪಿಯವರಿಗೆ ಪತ್ರ ಬರೆದದ್ದು ಯೇಸುವಿನ ಮರಣದ ಸುಮಾರು ಮೂವತ್ತು ವರ್ಷಗಳೊಳಗೆ. ಅದರ ಎರಡನೆಯ ಅಧ್ಯಾಯದಲ್ಲಿರುವ ಸ್ತೋತ್ರ ಪತ್ರಕ್ಕಿಂತ ಹಳೆಯದು ಎಂದು ಬಹಳ ವಿದ್ವಾಂಸರ ಅಭಿಪ್ರಾಯ. ದೇವರಿಗೆ ಸಮಾನನಾದವನು ದಾಸನ ರೂಪ ತಾಳಿ ಶಿಲುಬೆಯ ಸಾವಿನವರೆಗೆ ತಗ್ಗಿದ ಎಂದು ಅದು ಹೇಳುತ್ತದೆ. ಎಲ್ಲರೂ ದೇವರೊಬ್ಬನಿಗೇ ಮೊಣಕಾಲೂರುವರು ಎಂದು ಪ್ರವಾದಿ ಯೆಶಾಯ ಹೇಳಿದ್ದ ಮಾತನ್ನು ಅದು ಯೇಸುವಿಗೆ ಸಲ್ಲಿಸುತ್ತದೆ. ಪುರಾಣ ಬೆಳೆಯಲು ಬೇಕಾದ ತಲೆಮಾರುಗಳು ಇಲ್ಲಿ ಸಿಕ್ಕಲಿಲ್ಲ. ಯೇಸುವಿನ ತಮ್ಮ ಯಾಕೋಬನೂ ಶಿಷ್ಯ ಪೇತ್ರನೂ ಇನ್ನೂ ಬದುಕಿದ್ದಾಗ, ಅಥವಾ ಆಗಷ್ಟೇ ತೀರಿಕೊಂಡಿದ್ದಾಗ, ಇದು ಹಾಡಾಗಿ ಚಾಲ್ತಿಯಲ್ಲಿತ್ತು.

ಎರಡನೆಯದು ಜನ. ಈ ಆರಾಧನೆ ಹುಟ್ಟಿದ್ದು ಚಕ್ರವರ್ತಿಗಳನ್ನೂ ದೇವರಾಗಿಸುತ್ತಿದ್ದ ರೋಮನ್ನರ ನಡುವೆ ಅಲ್ಲ, ಯೆಹೂದಿಗಳ ನಡುವೆ. ಅವರು ಎಂಥವರೆಂಬುದಕ್ಕೆ ಒಂದು ನಿದರ್ಶನ ಸಾಕು. ಕ್ರಿ.ಶ. 40ರ ಸುಮಾರಿಗೆ ಚಕ್ರವರ್ತಿ ಕಾಲಿಗುಲ ತನ್ನ ಪ್ರತಿಮೆಯನ್ನು ಯೆರೂಸಲೇಮಿನ ದೇವಾಲಯದೊಳಗೆ ನಿಲ್ಲಿಸಲು ಅಪ್ಪಣೆ ಮಾಡಿದ. ಸಿರಿಯದ ಅಧಿಕಾರಿ ಪೆಟ್ರೋನಿಯಸ್ ಸೈನ್ಯ ಕಟ್ಟಿಕೊಂಡು ಹೊರಟ. ಯೆಹೂದಿಗಳು ಗುಂಪುಗುಂಪಾಗಿ ಬಂದು ಅವನೆದುರು ನೆಲಕ್ಕೆ ಬಿದ್ದು, ಬೇಕಾದರೆ ನಮ್ಮನ್ನು ಕಡಿಯಿರಿ ಎಂದು ಕೊರಳೊಡ್ಡಿದರು. ಅದು ಬಿತ್ತುವ ಹಂಗಾಮು. ದಿನಗಟ್ಟಲೆ ಹೊಲಗಳನ್ನು ಬಿತ್ತದೆ ಬಿಟ್ಟರು ಎಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ. ಹದ ತಪ್ಪಿದರೆ ವರ್ಷದ ಅನ್ನ ತಪ್ಪುತ್ತದೆಂದು ನವಲಗುಂದದ ಎರೆಹೊಲದ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಮನುಷ್ಯನಿಗೆ ದೇವರ ಪಟ್ಟ ಸಲ್ಲದು ಎಂಬುದಕ್ಕಾಗಿ ಆ ಜನ ಅನ್ನವನ್ನೂ ಪ್ರಾಣವನ್ನೂ ಒತ್ತೆಯಿಟ್ಟರು.

ಅದೇ ದಶಕದಲ್ಲಿ, ಅದೇ ನಾಡಿನಲ್ಲಿ, ಅದೇ ರಕ್ತದ ಬೆಸ್ತರು, ಸುಂಕದವರು, ಹೆಣ್ಣುಮಕ್ಕಳು ಕೆಲವೇ ವರ್ಷಗಳ ಹಿಂದೆ ತಮ್ಮೊಡನೆ ಉಂಡು, ದಣಿದು, ನಿದ್ದೆ ಮಾಡಿದ ಒಬ್ಬ ಬಡಗಿಯ ಹೆಸರಿನಲ್ಲಿ ದೇವರಿಗೆ ಸಲ್ಲುವ ಪ್ರಾರ್ಥನೆ ಸಲ್ಲಿಸತೊಡಗಿದರು. ಅದೂ ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತ ಎಂದು ತಮ್ಮ ಧರ್ಮಶಾಸ್ತ್ರವೇ ಹೇಳುತ್ತಿದ್ದಾಗ. ಇದಕ್ಕೆ ಬಲವಾದ ಕಾರಣವೊಂದು ಬೇಕು. ಲ್ಯಾರಿ ಹರ್ಟಾಡೊ ಅವರಂಥ ವಿದ್ವಾಂಸರು ಈ ಆರಾಧನೆ ಮೆಲ್ಲಗೆ ಬೆಳೆದದ್ದಲ್ಲ, ಮೊದಲ ವರ್ಷಗಳಲ್ಲಿಯೇ ಹುಟ್ಟಿದ್ದು ಎಂದು ವಿಸ್ತಾರವಾಗಿ ತೋರಿಸಿದ್ದಾರೆ. ನಂಬಿಕೆಯನ್ನು ಬಿಟ್ಟ ವಿದ್ವಾಂಸ ಬಾರ್ಟ್ ಎರ್ಮನ್ ಕೂಡ, ಯೇಸು ಎದ್ದುಬಂದ ಎಂಬ ಶಿಷ್ಯರ ನಿಶ್ಚಯವೇ ಇದಕ್ಕೆ ಮೂಲ ಎಂದು ಒಪ್ಪುತ್ತಾರೆ. ಆ ನಿಶ್ಚಯ ದರ್ಶನಗಳಿಂದ ಬಂತು, ದೇವರಿಂದಲ್ಲ ಎಂಬುದು ಅವರ ನಿಲುವು.

ಅಂದಮೇಲೆ ಚರ್ಚೆ ಪುನರುತ್ಥಾನಕ್ಕೆ ಬಂದು ನಿಲ್ಲುತ್ತದೆ. ಆ ಕಾಲದಲ್ಲಿ ಉದ್ಧಾರಕರೆಂದು ಹೇಳಿಕೊಂಡವರು ಬೇರೆಯೂ ಇದ್ದರು. 45ರ ಸುಮಾರಿಗೆ ಥೆಯುದನ ತಲೆ ಕಡಿದಾಗ ಅವನ ಗುಂಪು ಚದುರಿತು. 132ರಿಂದ 135ರವರೆಗೆ ರೋಮನ್ನರೊಡನೆ ಕಾದಿದ ಬಾರ್ ಕೊಖ್ಬ ಸತ್ತಾಗ ಅವನ ಮೇಲಿನ ನಿರೀಕ್ಷೆಯೂ ಸತ್ತಿತು. ಸೋತು ಸತ್ತ ನಾಯಕನನ್ನು ದೇವರ ಪಕ್ಕಕ್ಕೆ ಏರಿಸಿದ ಇನ್ನೊಂದು ಗುಂಪು ಅಲ್ಲಿ ಕಾಣುವುದಿಲ್ಲ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಎದ್ದುಬಂದ ಯೇಸುವನ್ನು ಕಂಡವರ ಪಟ್ಟಿಯನ್ನೇ ಕೊಡುತ್ತಾನೆ. ಐನೂರಕ್ಕೂ ಹೆಚ್ಚು ಜನರಲ್ಲಿ ಬಹಳಷ್ಟು ಮಂದಿ ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಆ ಪಟ್ಟಿಯ ಪೇತ್ರನನ್ನೂ ಯಾಕೋಬನನ್ನೂ ಅವನು ಯೆರೂಸಲೇಮಿನಲ್ಲಿ ಮುಖತಃ ಕಂಡವನು. ಸುವಾರ್ತೆಗಳ ಪ್ರಕಾರ, ಯೇಸುವಿನ ಸಮಾಧಿ ಖಾಲಿಯಾದದ್ದನ್ನು ಮೊದಲು ಕಂಡವರು ಹೆಂಗಸರು. ಹೆಂಗಸರ ಸಾಕ್ಷ್ಯಕ್ಕೆ ಬೆಲೆ ಕಡಿಮೆಯಿದ್ದ ಕಾಲದಲ್ಲಿ ಕಥೆ ಕಟ್ಟುವವನು ಹಾಗೆ ಕಟ್ಟಲಾರ.

ಇವೆಲ್ಲ ಸೇರಿ ದೇವರು ಮನುಷ್ಯನಾದ ಎಂಬುದನ್ನು ಬಲವಂತದಿಂದ ಒಪ್ಪಿಸುವುದಿಲ್ಲ. ಪವಾಡವೇ ಅಸಾಧ್ಯ ಎಂದು ಮೊದಲೇ ತೀರ್ಮಾನಿಸಿದವನಿಗೆ ಯಾವ ಸಾಕ್ಷ್ಯವೂ ಸಾಲದು. ಆ ತೀರ್ಮಾನವನ್ನು ಬದಿಗಿಟ್ಟವನಿಗೆ, ಶಿಷ್ಯರು ಹೇಳಿದ್ದು ನಿಜ ಎಂಬ ವಿವರಣೆ ಉಳಿದ ವಿವರಣೆಗಳಿಗಿಂತ ಹೆಚ್ಚು ಸಂಗತಿಗಳನ್ನು ಒಳಗೊಳ್ಳುತ್ತದೆ ಎಂಬುದೇ ನನ್ನ ವಾದ.

5. ಆಕ್ಷೇಪಗಳು

ಅನಂತನು ಮಿತಿಗೆ ಒಳಪಡುವುದು ತರ್ಕವಿರುದ್ಧ ಎಂಬುದು ಮೊದಲ ಆಕ್ಷೇಪ. ದೈವತ್ವವೂ ಮನುಷ್ಯತ್ವವೂ ಒಂದೇ ಜಾತಿಯ ವಸ್ತುಗಳಾಗಿದ್ದರೆ ಒಂದಿದ್ದಲ್ಲಿ ಇನ್ನೊಂದಕ್ಕೆ ಜಾಗವಿರುತ್ತಿರಲಿಲ್ಲ. ಸೃಷ್ಟಿಕರ್ತನು ಸೃಷ್ಟಿಯೊಳಗಿನ ಇನ್ನೊಂದು ವಸ್ತು ಅಲ್ಲವಾದ್ದರಿಂದ ಈ ಜಾಗದ ಜಗಳ ಬರುವುದಿಲ್ಲ. ಕಾಲ್ಸೆಡನ್ ಸಭೆ ಎರಡನ್ನೂ ಕಲಸದೆ ಇಟ್ಟದ್ದು ಈ ಕಾರಣಕ್ಕೆ. ಹೇಗೆ ಎಂಬುದು ನಿಗೂಢವಾಗಿ ಉಳಿಯುತ್ತದೆ, ನಿಜ. ನಿಗೂಢಕ್ಕೂ ಸ್ವವಿರೋಧಕ್ಕೂ ಅಂತರವಿದೆ.

ಎರಡನೆಯದು ಅಣ್ಣಿಗೇರಿಯ ಪಂಪನ ಕಡೆಯಿಂದ ಬರುವ ಆಕ್ಷೇಪ. ನಾನು ಅತಿ ಗಟ್ಟಿಯಾದದ್ದೆಂದು ಎಣಿಸುವುದು ಇದನ್ನೇ. ಒಬ್ಬನ ಕರ್ಮವನ್ನು ಇನ್ನೊಬ್ಬ ಉಣ್ಣಲಾಗದು. ಬೇರೆಯವನ ಸಾವಿನಿಂದ ನನ್ನ ಬಿಡುಗಡೆ ಎಂಬುದು ನೀತಿಗೆ ಒಪ್ಪುವುದಿಲ್ಲ. ಇದಕ್ಕೆ ನಾಲ್ಕನೆಯ ಶತಮಾನದ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಷಿಯಸ್ ಸೂಚಿಸಿದ ದಾರಿ ನನಗೆ ಸರಿ ಕಾಣುತ್ತದೆ. ಅವನ ಪ್ರಕಾರ ಮನುಷ್ಯನ ತೊಂದರೆ ಲೆಕ್ಕದ ಬಾಕಿ ಮಾತ್ರವಲ್ಲ, ಒಳಗಿನ ಕೊಳೆತ. ಬಾಕಿಯನ್ನು ಕ್ಷಮಿಸಿದರೆ ತೀರುತ್ತದೆ, ಕೊಳೆತ ತೀರುವುದಿಲ್ಲ. ಜೀವದ ಮೂಲವೇ ಆ ಮೈಯೊಳಗೆ ಬಂದು ಅದನ್ನು ಒಳಗಿನಿಂದ ಹೊಸದು ಮಾಡಬೇಕಾಯಿತು. ಇಲ್ಲಿ ನನ್ನ ಬದಲಿಗೆ ಒಬ್ಬ ನಡೆದ ಎಂಬುದಕ್ಕಿಂತ, ನಡೆಯುವ ಶಕ್ತಿಯೇ ಇಲ್ಲದ ಕಾಲಿಗೆ ಶಕ್ತಿ ಬಂತು ಎಂಬುದು ಮುಖ್ಯ. ನಡೆಯುವ ಹೊಣೆ ಆಮೇಲೂ ನನ್ನದೇ. ಜೈನ ಚಿಂತಕ ಇದನ್ನು ಒಪ್ಪಲಾರ. ಆದರೆ ಯಾವುದನ್ನು ಒಪ್ಪುತ್ತಿಲ್ಲ ಎಂಬುದು ಅವನಿಗೆ ಸ್ಪಷ್ಟವಾಗುತ್ತದೆ.

ಮೂರನೆಯದು, ಒಂದೇ ಸಲ ಏಕೆ, ಆ ಒಂದು ಮೂಲೆಯ ನಾಡಿನಲ್ಲೇ ಏಕೆ ಎಂಬುದು. ನಿಜವಾದ ಮನುಷ್ಯನಾಗುವುದೆಂದರೆ ಒಂದು ತಾಯಿಗೆ, ಒಂದು ಊರಿನಲ್ಲಿ, ಒಂದು ನುಡಿಯ ನಡುವೆ ಹುಟ್ಟುವುದೇ. ಎಲ್ಲ ಊರಿಗೂ ಸಲ್ಲುವ, ಯಾವ ಊರಿನವನೂ ಅಲ್ಲದ ಮನುಷ್ಯ ಇಲ್ಲ. ಆದರೆ ಒಂದು ಕಡೆ ನಡೆದದ್ದು ಒಂದೇ ಕಡೆಯವರ ಸೊತ್ತಾಗಬೇಕಿಲ್ಲ. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಈ ಬಗ್ಗೆ ಜಗತ್ತಿನ ಚರ್ಚುಗಳನ್ನೇ ಚರ್ಚೆಗೆ ಎಳೆದ ಕನ್ನಡಿಗ. ಕ್ರಿಸ್ತನನ್ನು ಚರ್ಚಿನ ಕಟ್ಟಿನೊಳಗೆ ಬಂಧಿಸಲಾಗದು, ಭಾರತದ ಇತರ ಧರ್ಮಗಳವರೂ ಅವನಿಗೆ ಗಂಭೀರವಾಗಿ ಓಗೊಟ್ಟಿದ್ದಾರೆ ಎಂದು ಅವರು ತೋರಿಸಿದರು. ಅವರು ಅಲ್ಲಿಂದ ಮುಂದೆ ಹೋಗಿ ಯೇಸುವಿನ ಅನನ್ಯತೆಯ ಪಟ್ಟನ್ನೇ ಸಡಿಲಿಸಿದರು. ಅಷ್ಟು ದೂರ ನಾನು ಹೋಗಲಾರೆ. ಬೇರೆ ದಾರಿಗಳಲ್ಲಿ ದೇವರ ಬೆಳಕಿಲ್ಲ ಎಂದು ಈ ಸಿದ್ಧಾಂತ ಹೇಳುವುದಿಲ್ಲ. ಆ ಬೆಳಕಿನ ಒಡೆಯನು ಒಮ್ಮೆ ಗಾಯಗೊಳ್ಳುವಷ್ಟು ಹತ್ತಿರ ಬಂದ ಎಂದು ಹೇಳುತ್ತದೆ.

ನಾಲ್ಕನೆಯ ಆಕ್ಷೇಪ ಪುಸ್ತಕಗಳಲ್ಲಿಲ್ಲ, ಹಳ್ಳಿಗಳಲ್ಲಿದೆ. ದೇವರು ಕೂಲಿಯವನ ಮೈಯನ್ನು ತನ್ನದಾಗಿಸಿಕೊಂಡ ಎಂದು ಸಾರುವವರು, ಜಾತಿಯ ಲೆಕ್ಕವನ್ನು ದೇವಾಲಯದ ಬಾಗಿಲಲ್ಲಿಯೇ ಬಿಟ್ಟು ಒಳಗೆ ಹೋಗಿದ್ದಾರೆಯೆ? ಭಾರತದ ಚರ್ಚುಗಳ ಚರಿತ್ರೆಯಲ್ಲಿ ಬೇರೆ ಬೇರೆ ಸಾಲು, ಬೇರೆ ಬೇರೆ ಸ್ಮಶಾನಗಳಿದ್ದ ಕಡೆಗಳಿವೆ. ಬೋಧಕರು ಬಂದದ್ದು ಪರದೇಶಿ ಸರಕಾರದ ನೆರಳಿನಲ್ಲಿ ಎಂಬುದನ್ನೂ ಮರೆಮಾಚಲಾಗದು. ಇದಕ್ಕೆ ತರ್ಕದಿಂದ ಉತ್ತರ ಕೊಡಲು ಬರುವುದಿಲ್ಲ.

6. ಸಮಾರೋಪ

ಬಂಧುಗಳೆ, ನಾನು ಹೇಳಿದ್ದನ್ನು ಒಟ್ಟು ಮಾಡುತ್ತೇನೆ. ದೇವರು ಬರುತ್ತಾನೆ ಎಂಬ ಭಾವದಲ್ಲಿ ಕ್ರೈಸ್ತ ಸಿದ್ಧಾಂತ ನಮ್ಮ ಸೀಮೆಯ ಪರಂಪರೆಗಳ ನೆರೆಯಲ್ಲಿಯೇ ಇದೆ. ಬಂದವನಿಗೆ ಈಟಿ ತಾಗಿತು, ಆ ಗಾಯವೇ ದೇವರ ಸ್ವರೂಪವನ್ನು ತೋರಿಸಿತು ಎಂಬಲ್ಲಿ ಅದು ಬೇರೆಯಾಗುತ್ತದೆ. ಗಾಯಕ್ಕೆ ತಾರೀಖು ಇರುವುದರಿಂದ ಅದು ವಿಚಾರಣೆಗೆ ತೆರೆದಿದೆ. ವಿಚಾರಣೆಯಲ್ಲಿ ಅದು ಸೋತಿಲ್ಲ ಎಂದು ನಾನು ನಂಬುತ್ತೇನೆ.

ಒಪ್ಪದವರ ಮುಂದೆ ಒಂದು ಪ್ರಶ್ನೆಯನ್ನು ಗೌರವದಿಂದ ಇಡುತ್ತೇನೆ. ಮನುಷ್ಯನನ್ನು ಪೂಜಿಸುವುದಕ್ಕಿಂತ ಬೆಳೆಯನ್ನೂ ಕೊರಳನ್ನೂ ಕೊಡುತ್ತೇವೆ ಎಂದ ಜನರ ನಡುವಿನಿಂದಲೇ, ಅಷ್ಟು ಬೇಗ, ಶಿಲುಬೆಗೇರಿದವನ ಆರಾಧನೆ ಎದ್ದುಬಂದದ್ದು ಹೇಗೆ? ಇದಕ್ಕೆ ಶಿಷ್ಯರ ಉತ್ತರಕ್ಕಿಂತ ಒಳ್ಳೆಯ ಉತ್ತರವಿದ್ದರೆ ಅದನ್ನು ಕೇಳುವ ಬಾಧ್ಯತೆ ನನ್ನದು.

ಒಪ್ಪಿದವರ ಮುಂದಿರುವ ಪ್ರಶ್ನೆ ಇನ್ನೂ ಕಠಿಣ. ದೇವರು ಮುಟ್ಟಿದ ಮನುಷ್ಯನ ಮೈ ಇನ್ನು ಯಾರಿಗೂ ಮೈಲಿಗೆಯಾಗಲಾರದು, ಯಾರ ಹಸಿವೂ ಧರ್ಮಕ್ಕೆ ಹೊರಗಿನ ಸಂಗತಿಯಾಗಲಾರದು. ಹೊಲಗೇರಿಯ ಮನೆಯಲ್ಲಿ ನೀರು ಕುಡಿಯಲು, ಬೇರೆ ಜಾತಿಯ ಕ್ರೈಸ್ತನಿಗೆ ಹೆಣ್ಣು ಕೊಡಲು ಹಿಂಜರಿಯುವವನು ನೈಸಿಯದ ವಿಶ್ವಾಸಪ್ರಮಾಣವನ್ನು ಬಾಯಿಪಾಠ ಹೇಳಿದರೂ ಅದನ್ನು ನಂಬಿದ್ದಾನೆ ಎಂದು ನಾನು ಒಪ್ಪಲಾರೆ. ನಾನು ಮುಂದಿಟ್ಟ ಸಾಕ್ಷ್ಯ ಮೊದಲ ಶತಮಾನದ್ದು. ನೆರೆಯವರು ನಮ್ಮಿಂದ ಕೇಳುತ್ತಿರುವ ಸಾಕ್ಷ್ಯ ಇಂದಿನದು. ಅದನ್ನು ಒದಗಿಸುವವರೆಗೆ ನಮ್ಮ ವಾದ ಅರ್ಧಕ್ಕೇ ನಿಂತಿರುತ್ತದೆ.